ಮೊಣಕಾಲಿಗೆ ಹೊತ್ತ ಹರಕೆ

ಗ್ರೀನ್‌ಫರ್ಡ್, ಲಂಡನ್
21 ಸೆಪ್ಟೆಂಬರ್ 1997

ಅಕ್ಕಾ,

ನಮಸ್ಕಾರ. ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಹೋಗಿ ಅರ್ಧದಲ್ಲೇ ಪೆನ್ನು ಎತ್ತಿದೆ. ನಾನು ಕ್ಷೇಮ, ಮನೆಯವಳು ವಿಜಯಾ ಕ್ಷೇಮ. ಮಗರಾಯ ಸಂಗಮೇಶನೂ ಕ್ಷೇಮ, ಬಲ ಮೊಣಕಾಲು ಒಂದನ್ನು ಬಿಟ್ಟು.

ಹೋದ ವಾರ ಫುಟ್‌ಬಾಲ್ ಪಂದ್ಯದಲ್ಲಿ ಬಿದ್ದ. ಯಾರೂ ಬೀಳಿಸಲಿಲ್ಲ, ಅದೇ ನನ್ನ ಹೊಟ್ಟೆಯುರಿ. ಯಾರಾದರೂ ಕಾಲು ಅಡ್ಡ ಕೊಟ್ಟಿದ್ದರೆ ಅವನ ಹೆಸರು ಹಿಡಿದು ಬೈಯಬಹುದಿತ್ತು. ಇವನು ಚೆಂಡು ತೆಗೆದುಕೊಂಡು ತಿರುಗಿದ; ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೊಣಕಾಲಿನೊಳಗೆ ಎಲುಬಿಗೆ ಎಲುಬು ಹಿಡಿದಿಡುವ ಪಟ್ಟಿ ಒಂದಿರುತ್ತದಂತೆ, ಅದು ಹರಿದಿದೆ. ಆಪರೇಷನ್ ಆಗಬೇಕು, ಆಮೇಲೆ ಆರು ತಿಂಗಳು ಆಟದ ಮಾತೇ ಇಲ್ಲ.

ನೀನು ಹೋದ ಸಲ ಕೇಳಿದ್ದೆ, ಹುಡುಗ ಗೋಲು ಹೊಡೆಯುವವನೋ ತಡೆಯುವವನೋ ಎಂದು. ಎರಡೂ ಅಲ್ಲ. ನಡುವೆ ನಿಂತು ಹಿಂದಿನವರಿಂದ ತೆಗೆದುಕೊಂಡು ಮುಂದಿನವರಿಗೆ ಕೊಡುವವನು. ಹೆಸರು ಮುಂದಿನವರಿಗೆ, ಬೈಗಳು ಹಿಂದಿನವರಿಗೆ, ಓಡಾಟ ಮಾತ್ರ ಇವನದು. ಮಾರ್ಷ್‌ಗೇಟ್ ಅಥ್ಲೆಟಿಕ್ ದೊಡ್ಡ ಕ್ಲಬ್ಬೇನಲ್ಲ, ಟೀವಿಯಲ್ಲಿ ಬರುವುದಿಲ್ಲ. ಆದರೂ ಸಂಬಳ ಕೊಟ್ಟು, ಇಲ್ಫರ್ಡ್‌ನಲ್ಲಿ ಒಂದು ಕೋಣೆ ಕೊಟ್ಟು ಆಡಿಸುತ್ತಾರೆ. ಎರಡು ವರ್ಷದ ಕರಾರು. ಸೇರಿ ಎರಡು ತಿಂಗಳಾಯಿತು, ಆಡಿದ್ದು ನಾಲ್ಕು ಪಂದ್ಯ. ಮೊದಲ ವರ್ಷವೇ ಆರು ತಿಂಗಳು ಹಾಸಿಗೆಯ ಮೇಲೆ ಕಳೆದವನನ್ನು ಮೂರನೆಯ ವರ್ಷಕ್ಕೆ ಯಾರು ಇಟ್ಟುಕೊಳ್ಳುತ್ತಾರೆ? ನನಗಿರುವ ಚಿಂತೆ ಅದೊಂದೇ.

ನಾವು ಇಲ್ಲಿಗೆ ಕರೆಸಿಕೊಳ್ಳುವವರೆಗೆ ಹನ್ನೊಂದು ವರ್ಷ ನೀನು ಸಾಕಿ ಕಳಿಸಿದ ಕಾಲು ಅದು. ಅದಕ್ಕೇ ನಿನಗೆ ಮೊದಲು ತಿಳಿಸುತ್ತಿದ್ದೇನೆ. ಫೋನು ಮಾಡಿದರೆ ನೀನು ಅಳುತ್ತೀ, ನಾನು ಕೂಗಾಡುತ್ತೇನೆ, ವಿಷಯ ಇಬ್ಬರಿಗೂ ತಿಳಿಯುವುದಿಲ್ಲ.

ಕೈಮುಗಿದು ಒಂದು ಮಾತು ಬೇಡುತ್ತೇನೆ. ಹರಕೆ ಗಿರಕೆ ಎಂದು ಏನೂ ಹೊರಬೇಡ. ನಿನ್ನ ಸ್ವಭಾವ ನನಗೆ ಗೊತ್ತು.

ನಿನ್ನ ತಮ್ಮ,
ಮುರಿಗೆಪ್ಪ


ತಾಳಿಕೋಟಿ
9 ಅಕ್ಟೋಬರ್ 1997

ತಮ್ಮ ಮುರಿಗೆಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ಬರುವಷ್ಟರಲ್ಲಿ ಹರಕೆ ಹೊತ್ತಾಗಿತ್ತು. ವಿಜಯಾ ಆ ಭಾನುವಾರವೇ ಶರಣಪ್ಪನ ಚಪ್ಪಲಿ ಅಂಗಡಿಗೆ ಫೋನು ಮಾಡಿ ಎಲ್ಲ ಹೇಳಿದ್ದಳು. ನಿನಗೆ ಹೇಳಲಿಲ್ಲವೇ? ಹೇಳಿರಲಾರಳು, ನೀನು ಕೂಗಾಡುತ್ತೀ.

ಸಂಗೂನ ಕಾಲು ನೆಟ್ಟಗಾಗಿ ಮತ್ತೆ ಮೈದಾನಕ್ಕೆ ಇಳಿದರೆ, ಅವನೇ ಬಂದು ಊರ ಹೊರಗಿನ ಬಸವಣ್ಣನ ಗುಡಿಗೆ ಉದ್ದಕ್ಕೂ ಬಿದ್ದು ಏಳುತ್ತ ಮೂರು ಸುತ್ತು ದೀಡ ನಮಸ್ಕಾರ ಹಾಕುತ್ತಾನೆ ಎಂದು ಬೇಡಿಕೊಂಡಿದ್ದೇನೆ. ನೀನು ಏಳನೆಯ ಇಯತ್ತೆಯಲ್ಲಿ ವಿಷಮಜ್ವರದಿಂದ ಎದ್ದಾಗ ಅವ್ವ ನಿನ್ನಿಂದ ಹಾಕಿಸಿದ್ದಳು. ಆಗ ಎದ್ದ ನೀನು ಇವತ್ತಿನವರೆಗೂ ಎದ್ದೇ ಇದ್ದೀ. ಅದನ್ನು ಮರೆತು ದೊಡ್ಡ ಬುದ್ಧಿವಂತನ ಹಾಗೆ ಬರೆಯುತ್ತೀ.

ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು ನಾನು. ಹರಿದ ಪಟ್ಟಿಯನ್ನು ಡಾಕ್ಟರೇ ಹೊಲಿಯಬೇಕು ಎಂದು ನನಗೂ ಗೊತ್ತು. ಆದರೆ ಹೊಲಿದದ್ದು ಹಿಡಿಯಬೇಕಲ್ಲ. ಅದಕ್ಕೆ ಯಾರನ್ನು ಕೇಳುವುದು?

ಹುಡುಗನಿಗೆ ನುಗ್ಗೇಸೊಪ್ಪು ಸಿಕ್ಕರೆ ಹಾಕಿರಿ. ಟೂಟಿಂಗ್ ಪೇಟೆಯಲ್ಲಿ ಎಲ್ಲ ಸಿಗುತ್ತದೆ ಎಂದು ನೀನೇ ಬರೆದಿದ್ದೆ.

ನಿನ್ನ ಅಕ್ಕ,
ಪಾರ್ವತೆವ್ವ


ಗ್ರೀನ್‌ಫರ್ಡ್
19 ಏಪ್ರಿಲ್ 1998

ಅಕ್ಕಾ,

ನಿನ್ನ ಬಸವಣ್ಣ ಗೆದ್ದ. ಸಂಗಮೇಶ ಓಡುತ್ತಿದ್ದಾನೆ. ಕ್ಲಬ್ಬಿನ ಎರಡನೆಯ ತಂಡಕ್ಕೆ ಎರಡು ಪಂದ್ಯ ಅರ್ಧರ್ಧ ಆಡಿದ. ಕಾಲು ನೋಡಿಕೊಳ್ಳುವ ಫಿಸಿಯೋ ಹೆಂಗಸು ಮಹಾ ಗಡಸು. ಅವಳೇ ‘ಪರವಾಗಿಲ್ಲ’ ಎಂದಳು. ಮೂರನೆಯ ವರ್ಷದ ಮಾತನ್ನು ಜುಲೈಯಲ್ಲಿ ಇವನ ಓಟ ನೋಡಿದ ಮೇಲೆ ಎತ್ತುತ್ತೇನೆ ಎಂದು ಮ್ಯಾನೇಜರ್ ಹೇಳಿದ್ದಾನೆ.

ಮೇ ಹದಿನಾರಕ್ಕೆ ಸಂಗಮೇಶ ಒಬ್ಬನೇ ಬರುತ್ತಾನೆ. ನಿನ್ನ ಹರಕೆ ತೀರಿಸಲು. ಆರು ತಿಂಗಳು ಮೊಣಕಾಲಿಗೆ ಪೂಜೆ ಮಾಡಿ ವಾಸಿ ಮಾಡಿಕೊಂಡು, ವಾಸಿಯಾದದ್ದಕ್ಕೆ ಅದೇ ಮೊಣಕಾಲನ್ನು ಕಲ್ಲಿಗೆ ಊರಿ ಏಳಬೇಕಂತೆ! ಹಲ್ಲುನೋವು ಹೋಯಿತೆಂದು ಕಲ್ಲು ಕಡಿಯುವವರನ್ನು ನೀನು ಎಲ್ಲಿಯಾದರೂ ಕಂಡಿದ್ದೀಯಾ? ‘ಅವನ ಬದಲಿ ನಾ ಹಾಕಲೇನು?’ ಎಂದು ವಿಜಯಾಳನ್ನು ಕೇಳಿದೆ. ‘ಕಾಲು ಯಾರದೋ ನಮಸ್ಕಾರ ಅವರದ. ನೀವು ಸುಮ್ಮನಿರ್ರಿ’ ಎಂದಳು. ಸುಮ್ಮನಿದ್ದೇನೆ. ಈ ಮನೆಯಲ್ಲಿ ನನಗೆ ಬಂದಿರುವ ವಿದ್ಯೆ ಅದೊಂದೇ.

ಆದದ್ದಾಗಲಿ, ಒಂದೇ ಸುತ್ತು ಸಾಕೆಂದು ನಿನ್ನ ಬಸವಣ್ಣನಿಗೆ ಒಂದು ಮಾತು ಹೇಳಿ ನೋಡು.

ಮುರಿಗೆಪ್ಪ


ಗ್ರೀನ್‌ಫರ್ಡ್
26 ಜುಲೈ 1998

ಅಕ್ಕಾ,

ನಮಸ್ಕಾರ ಎಂದು ಬರೆಯಲೂ ಈಗ ಭಯ.

ತಾಲೀಮು ಶುರುವಾದ ಮೊದಲ ದಿನವೇ ಸಂಗಮೇಶ ಬಿದ್ದ. ಅದೇ ಕಾಲು, ಅದೇ ಪಟ್ಟಿ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಅಂದಂತಾಯಿತು. ಮರುದಿನ ಕ್ಲಬ್ಬಿಗೆ ನನ್ನನ್ನೂ ಕರೆಸಿದರು. ಫಿಸಿಯೋ ಕೇಳಿದಳು, ರಜೆಯಲ್ಲಿ ಹುಡುಗ ಏನು ಮಾಡಿದ ಎಂದು. ಇವನು ನೆಲ ನೋಡುತ್ತ ಕುಳಿತ. ಕೊನೆಗೆ ನಾನೇ ಬಾಯಿಬಿಟ್ಟೆ. ದೀಡ ನಮಸ್ಕಾರಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು ನೀನು, ಹೇಳು ನೋಡೋಣ.

ಐವತ್ತೊಂದು ವರ್ಷದ ನಾನು, ಗೋದಾಮಿನ ಸಮವಸ್ತ್ರದಲ್ಲಿದ್ದವನು, ಆ ಆಫೀಸಿನ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಕೈ ಚಾಚಿ ತೋರಿಸಿದೆ. ಕೈ ಮುಟ್ಟಿದಲ್ಲಿ ಗೆರೆ, ಎದ್ದು ಗೆರೆಯ ಮೇಲೆ ನಿಲ್ಲುವುದು, ಮತ್ತೆ ಮಲಗುವುದು. ಹೀಗೆ ಎಷ್ಟು ಸಲ ಎಂದಳು. ಒಂದು ಸುತ್ತಿಗೆ ಇಪ್ಪತ್ತಾರು ಸಲ, ಮೂರು ಸುತ್ತು ಎಂದೆ. ಅವಳು ಪೆನ್ನು ಕೆಳಗಿಟ್ಟಳು. ಮ್ಯಾನೇಜರ್ ಕಿಟಕಿಯ ಕಡೆ ತಿರುಗಿಕೊಂಡ. ನಕ್ಕನೋ ಏನೋ, ನನಗೆ ಕಾಣಲಿಲ್ಲ.

ಇನ್ನೊಂದು ಆಪರೇಷನ್. ಇನ್ನೊಂದು ವರ್ಷ. ಕರಾರು ಅಷ್ಟರೊಳಗೆ ಮುಗಿಯುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆಯಲ್ಲ ಅಕ್ಕಾ! ಹರಕೆ ಹೊರಬೇಡ ಎಂದು ಬರೆದಿದ್ದೆ. ಒಂದೇ ಸುತ್ತು ಸಾಕು ಎಂದು ಬರೆದಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು. ನಿನ್ನ ಹರಕೆ ನನ್ನ ಮಗನ ಕಾಲು ತಿಂದಿತು.

ಸದ್ಯಕ್ಕೆ ನಿನಗೆ ಬರೆಯುವ ಮನಸ್ಸು ನನಗಿಲ್ಲ.

ಮುರಿಗೆಪ್ಪ


ತಾಳಿಕೋಟಿ
8 ಆಗಸ್ಟ್ 1998

ಮುರಿಗೆಪ್ಪ,

ನಿನ್ನ ನೀಲಿ ಏರೋಗ್ರಾಮ್ ಪತ್ರ ತಲುಪಿತು. ಎರಡು ಸಲ ಓದಿದೆ. ತಪ್ಪು ನನ್ನದೇ. ಅದಕ್ಕೆ ಮಾಡಬೇಕಾದ್ದನ್ನು ಇವತ್ತು ಬೆಳಿಗ್ಗೆ ಮಾಡಿದ್ದೇನೆ. ಏನೆಂದು ಕೇಳಬೇಡ.

ಸಂಗೂಗೆ ಮೆಟ್ಟಿಲು ಹತ್ತಿಸಬೇಡಿರಿ.

ಪಾರ್ವತೆವ್ವ


ಇಲ್ಫರ್ಡ್
14 ಮಾರ್ಚ್ 1999

ಅತ್ತಿ,

ಈ ಪತ್ರದಲ್ಲಿ ತಪ್ಪು ಬಹಳ ಇರುತ್ತವೆ. ನೀನು ಕೆಂಪು ಪೆನ್ನು ಹಿಡಿದು ಓದಬೇಡ. ನನ್ನ ಕನ್ನಡ ನಿನ್ನ ಶಾಲೆಯ ಐದನೆಯ ಇಯತ್ತೆಯಲ್ಲೇ ನಿಂತಿದೆ.

ಹರಕೆಯಿಂದ ನನ್ನ ಕಾಲು ಕೆಡಲಿಲ್ಲ. ಅದು ಮೊದಲೇ ಕೆಟ್ಟಿತ್ತು.

ಹೋದ ಮೇ ತಿಂಗಳಲ್ಲಿ ವಿಮಾನ ಹತ್ತುವ ಎರಡು ದಿನ ಮೊದಲು ಕಡೆಯ ತಾಲೀಮು ಇತ್ತು. ಚೆಂಡಿಗೆ ಹಾರಿ ಕೆಳಗೆ ಬಂದಾಗ ಮೊಣಕಾಲಿನೊಳಗೆ ಸಪ್ಪಳವಾಯಿತು, ಬೆಂಡೆಕಾಯಿ ಮುರಿದ ಹಾಗೆ. ಅದು ಏನೆಂದು ನನಗೆ ಗೊತ್ತು, ಒಮ್ಮೆ ಕೇಳಿದ್ದೆನಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಮೂರನೆಯ ವರ್ಷ ಅಲ್ಲಿಗೇ ಮುಗಿಯುತ್ತಿತ್ತು. ಮೂರು ವಾರ ಬಿಟ್ಟರೆ ತಾನೇ ಸರಿಹೋದೀತು ಎಂದುಕೊಂಡೆ. ಗುಡಿಯ ಮುಂದೆ ಒದ್ದೆ ಬಟ್ಟೆಯಲ್ಲಿ ಮಲಗಿದಾಗ, ಬಸವಣ್ಣ, ಇದನ್ನೊಂದು ಯಾರಿಗೂ ಗೊತ್ತಾಗದ ಹಾಗೆ ಸರಿ ಮಾಡು ಎಂದು ಬೇಡಿಕೊಂಡೆ. ಎಪ್ಪತ್ತೆಂಟು ಸಲ ಅದನ್ನೇ ಬೇಡಿದೆ. ಎಡಗಾಲಿನ ಮೇಲೆ ಭಾರ ಹಾಕಿ ಏಳುತ್ತಿದ್ದೆ. ನೀನು ನೋಡಿಬಿಟ್ಟೆ. ‘ಬಲಗಾಲು ಯಾಕ ಎಳಿಯಾಕತ್ತೀಯೋ?’ ಅಂತ ಕೇಳಿದೆ. ‘ಫರ್ಶಿ ಸುಡಾಕತ್ತೈತಿ ಅತ್ತಿ’ ಅಂದೆ. ಬೆಳಗಿನ ಆರು ಗಂಟೆಗೆ ಯಾವ ಕಲ್ಲು ಸುಡುತ್ತದೆ? ನೀನು ನಂಬಿದೆ. ಕೊಡ ತಂದು ನಾನು ಮಲಗುವ ಕಡೆಯೆಲ್ಲ ನೀರು ಸುರಿದೆ.

ಕ್ಲಬ್ಬಿನಲ್ಲಿ ಅಪ್ಪ ಕಾರ್ಪೆಟ್ಟಿನ ಮೇಲೆ ಮಲಗಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಬಾಯಿ ಮಾತ್ರ ತೆರೆಯಲಿಲ್ಲ. ನಾನು ಮುಚ್ಚಿಟ್ಟೆ ಎಂದು ಗೊತ್ತಾದರೆ ಕ್ಲಬ್ಬಿನವರು ಅವತ್ತೇ ಕಳಿಸುತ್ತಿದ್ದರು. ಹರಕೆ ಎಂದಾಗ ಪಾಪ ಎಂದು ಇಟ್ಟುಕೊಂಡರು. ಅಪ್ಪ ನಿನಗೆ ಏನು ಬರೆದರು ಎಂದು ಅಮ್ಮ ಹೇಳಿದಳು. ಆಗಲೂ ಸುಮ್ಮನಿದ್ದೆ.

ಎರಡನೆಯ ಆಪರೇಷನ್ ಅಕ್ಟೋಬರಿನಲ್ಲಿ ಆಯಿತು. ಈ ಮಂಗಳವಾರ ಮ್ಯಾನೇಜರ್ ಕರೆದು ಮುಂದಿನ ವರ್ಷ ಇಲ್ಲ ಎಂದ. ಡಾಕ್ಟರು, ನಡೆಯಬಹುದು, ಮೆಲ್ಲಗೆ ಓಡಬಹುದು, ಆಟವನ್ನೇ ಕೆಲಸ ಮಾಡಿಕೊಳ್ಳುವುದು ಮುಗಿಯಿತು ಎಂದರು. ಎರಡು ವರ್ಷದಲ್ಲಿ ನಾಲ್ಕು ಪಂದ್ಯ ಅತ್ತಿ. ಕ್ಲಬ್ಬಿನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಇರುವುದು ಅಷ್ಟೇ.

ಅಪ್ಪನಿಗೆ ಬರುವ ಭಾನುವಾರ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು.

ಸಂಗಮೇಶ


ತಾಳಿಕೋಟಿ
2 ಏಪ್ರಿಲ್ 1999

ಸಂಗೂ,

ಕೆಂಪು ಪೆನ್ನು ಹಿಡಿಯಲಿಲ್ಲ. ಹಿಡಿದಿದ್ದರೆ ಕಾಗುಣಿತಕ್ಕಲ್ಲ, ನಿನ್ನ ಬುದ್ಧಿಗೆ ಗೀಟು ಹಾಕಬೇಕಾಗುತ್ತಿತ್ತು.

ಕಳೆದುಕೊಳ್ಳಲು ಏನೂ ಉಳಿಯದಾಗ ಸತ್ಯ ಹೇಳಿದ್ದೀ. ಅದು ಅಗ್ಗದ ಸತ್ಯ. ನನಗೆ ಸಿಟ್ಟು ಬಂದಿದೆ, ಇಲ್ಲ ಎಂದು ನಾನೂ ಸುಳ್ಳು ಹೇಳುವುದಿಲ್ಲ. ಸಾಕಿದ ಕೈಗೇ ಕೆಸರು ಮೆತ್ತಿ ಎಂಟು ತಿಂಗಳು ನೋಡುತ್ತ ಕುಳಿತೆಯಲ್ಲ! ನಿನ್ನ ವಯಸ್ಸಿಗೆ ಭಯ ಇರುತ್ತದೆ, ಗೊತ್ತು. ನನ್ನ ಕಿವಿಯಲ್ಲಿ ಹೇಳಿದ್ದರೆ ನಾನು ಯಾರಿಗೆ ಸಾರುತ್ತಿದ್ದೆ?

ನಿಮ್ಮಪ್ಪನ ಪತ್ರ ಬಂದ ಮರುದಿನ ನಾನು ಬಸವಣ್ಣನ ಮುಂದೆ ನಿಂತು, ನನ್ನ ಹುಡುಗ ಮತ್ತೆ ಒಂದು ಪಂದ್ಯ ಆಡುವವರೆಗೆ ಕಾಲಿಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹೇಳಿ ಬಂದೆ. ಅವತ್ತಿನಿಂದ ಬರಿಗಾಲು. ಸಂತೆಗೆ, ಬ್ಯಾಂಕಿಗೆ, ಎಲ್ಲದಕ್ಕೂ ಶರಣಪ್ಪನ ಅಂಗಡಿಯ ಮುಂದೆಯೇ ಹಾಯಬೇಕು. ‘ಟೀಚರ್ರ, ಚಪ್ಪಲಿ ಕಳವಾದ್ವೇನ್ರಿ? ಬರ್ರಿ, ಹೊಸಾವು ಬಂದಾವ’ ಎಂದು ದಿನಾ ಕೂಗುತ್ತಾನೆ. ಹಿಮ್ಮಡಿ ಹೊಲದ ಎರೆಮಣ್ಣಿನ ಹಾಗೆ ಬಿರಿದಿದೆ. ಈಗ ಬೇಸಿಗೆ ಬಂತು, ಹನ್ನೊಂದರ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ.

ಈಗ ನೋಡಿದರೆ ತಪ್ಪು ನನ್ನದಲ್ಲ ಎನ್ನುತ್ತೀ, ಇನ್ನು ಆಡುವುದೂ ಇಲ್ಲ ಎನ್ನುತ್ತೀ. ಆಡಿದ ಮಾತು ಮಾತೇ. ಸಾಯುವವರೆಗೂ ಹೀಗೇ ತಿರುಗುತ್ತೇನೆ. ನೀನು ಮತ್ತೆ ಕಾಲು ಮುರಿದುಕೊಳ್ಳಲಿ ಎಂದು ಇದನ್ನು ಬರೆಯುತ್ತಿಲ್ಲ. ನಾನು ಕೇಳದೆಯೇ ನೀನು ನಿನ್ನದನ್ನು ಹೇಳಿದೆ, ನಾನೂ ನನ್ನದನ್ನು ಹೇಳಿದೆ.

ನಿನ್ನ ಅತ್ತಿ


ಗ್ರೀನ್‌ಫರ್ಡ್
6 ಜೂನ್ 1999

ಅಕ್ಕಾ,

ಹತ್ತು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಎರಡು ಏರೋಗ್ರಾಮ್ ಹಾಳು ಮಾಡಿದೆ.

ಸಂಗಮೇಶ ಹೇಳಿದ ದಿನ ಕೈಯಲ್ಲಿದ್ದ ಚಹಾದ ಕಪ್ಪನ್ನು ಗೋಡೆಗೆ ಹೊಡೆದೆ. ಆಮೇಲೆ ಯೋಚಿಸಿದೆ, ಅವನು ಸುಮ್ಮನಿದ್ದ, ಸರಿ. ನಿನ್ನನ್ನು ಒಂದು ಮಾತೂ ಕೇಳದೆ ಬೈದವನು ನಾನು. ಹೋದ ಜುಲೈ ಪತ್ರದ ಕೊನೆಯಲ್ಲಿ ನಿನ್ನ ಹರಕೆಯ ಮೇಲೆ ಒಂದು ವಾಕ್ಯ ಬರೆದಿದ್ದೆ. ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ಆ ಪತ್ರ ಹರಿದು ಹಾಕು. ತಪ್ಪಾಯಿತು.

ಈಗ ನಿನ್ನ ಚಪ್ಪಲಿಯ ವಿಷಯ. ಅಕ್ಕಾ, ನಿನಗೆ ಅರವತ್ತೊಂದು. ಹರಕೆಯಿಂದ ಕೆಡದ ಕಾಲು ಹರಕೆಯಿಂದಲೇ ಕೆಟ್ಟಿತೆಂದು ತಿಳಿದು ಮಾಡಿದ ಶಪಥ ಅದು, ತಾನೇ ರದ್ದಾಯಿತು. ಯಾವ ಕೋರ್ಟಿಗೆ ಹೋದರೂ ಹಾಗೇ ಹೇಳುತ್ತಾರೆ. ಅದೂ ಸಾಲದೆಂದರೆ, ಮೊನ್ನೆ ಮಂಗಳವಾರ ಸಂಗಮೇಶ ಹಿತ್ತಲಲ್ಲಿ ಚೆಂಡು ಒದ್ದಿದ್ದಾನೆ. ವಿಜಯಾಳ ಗುಲಾಬಿ ಗಿಡ ಮುರಿದದ್ದೇ ಸಾಕ್ಷಿ. ಆಡಿದ ಹಾಗಾಯಿತು. ಮೆಟ್ಟಿಕೋ ಮಾರಾಯ್ತಿ!

ನಿನ್ನ ತಮ್ಮ,
ಮುರಿಗೆಪ್ಪ


ತಾಳಿಕೋಟಿ
21 ಜೂನ್ 1999

ಮುರಿಗೆಪ್ಪನಿಗೆ,

ಚಿಕ್ಕಂದಿನಲ್ಲೂ ನೀನು ಹೀಗೇ. ಲಗೋರಿಯಲ್ಲಿ ಸೋತರೆ ಕಲ್ಲು ಎಣಿಸಿದ್ದೇ ತಪ್ಪು ಎನ್ನುತ್ತಿದ್ದೆ.

ಹಿತ್ತಲಲ್ಲಿ ಒದ್ದದ್ದು ಪಂದ್ಯವಲ್ಲ. ಶಾಲೆಯಲ್ಲಿ ಎಷ್ಟು ವರ್ಷ ಕಬಡ್ಡಿ, ಖೋಖೋ ಆಡಿಸಿದ್ದೇನೆ, ನನಗೆ ಹೇಳಿಕೊಡಬೇಡ. ಪಂದ್ಯವೆಂದರೆ ಎದುರು ಒಂದು ತಂಡ ಇರಬೇಕು, ಸೀಟಿ ಊದುವವನು ಒಬ್ಬ ಇರಬೇಕು. ದೇವರಿಗೆ ಮೋಸ ಮಾಡುವುದಾದರೆ ಹರಕೆ ಯಾಕೆ ಹೊರಬೇಕು? ಇದು ಇಲ್ಲಿಗೆ ಸಾಕು. ಹುಡುಗನಿಗೆ ಒತ್ತಾಯ ಮಾಡಿದೆ ಎಂದು ನನ್ನ ಕಿವಿಗೆ ಬಿದ್ದರೆ ನಿನ್ನ ಜೊತೆ ಮತ್ತೆ ಮಾತಿಲ್ಲ.

ಆ ಪತ್ರ ಹರಿಯುವುದಿಲ್ಲ. ಕಾಗದ ಹರಿದರೆ ಮಾತು ಹರಿಯುತ್ತದೆಯೇ? ಪೆಟ್ಟಿಗೆಯಲ್ಲಿ ಇದೆ, ಇರಲಿ.

ಪಾರ್ವತೆವ್ವ


ಗ್ರೀನ್‌ಫರ್ಡ್
24 ಅಕ್ಟೋಬರ್ 1999

ಅಕ್ಕಾ,

ನಾನು ಒತ್ತಾಯ ಮಾಡಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಬೇಡ ಎಂದು ಕೂಗಾಡಿದ್ದೇ ನಾನು.

ಸಂಗಮೇಶ ಈಗ ನಮ್ಮ ಗೋದಾಮಿನಲ್ಲೇ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ, ಸಂಜೆ ಫಿಸಿಯೋ ಓದುತ್ತಿದ್ದಾನೆ. ನಮ್ಮ ಗೋದಾಮಿನವರಿಗೂ ಬಸ್ ಡಿಪೋದವರಿಗೂ ವರ್ಷಕ್ಕೊಮ್ಮೆ ನಾರ್ತೋಲ್ಟ್ ಪಾರ್ಕಿನಲ್ಲಿ ಒಂದು ಪಂದ್ಯ ಇರುತ್ತದೆ. ಇವನು ಹೋಗಿ ಹೆಸರು ಕೊಟ್ಟು ಬಂದ. ನಮ್ಮ ಜಿಪಿ ಡಾಕ್ಟರ ಹತ್ತಿರ ಹೋಗಿ, ಮೊಣಕಾಲಿಗೆ ಬಿಗಿಬಟ್ಟೆ ಕಟ್ಟಿಕೊಂಡು ಹತ್ತು ನಿಮಿಷ ಆಡಬಹುದೆಂದು ಬಾಯಲ್ಲಿ ಹೇಳಿಸಿಕೊಂಡೂ ಬಂದ. ‘ತಲಿ ಕೆಟ್ಟೈತೇನು ನಿಂಗ?’ ಎಂದೆ. ‘ಅಪ್ಪಾ, ಅತ್ತಿ ಕಾಲು ನೋಡೀರೇನು ನೀವು?’ ಎಂದ. ನಾನು ನೋಡಿಲ್ಲ. ಊರಿಗೆ ಬಂದು ಆರು ವರ್ಷವಾಯಿತು.

ಇವತ್ತು ಬೆಳಿಗ್ಗೆ ಪಂದ್ಯ. ನಡುವೆ ನಿಂತ, ಅವನ ಹಳೆಯ ಜಾಗದಲ್ಲಿ. ಸುತ್ತಲೂ ನನ್ನಂಥ ಹೊಟ್ಟೆಯವರು. ಅವರು ಚೆಂಡಿನ ಹಿಂದೆ ಓಡುತ್ತಾರೆ, ಚೆಂಡು ಮಾತ್ರ ತಾನೇ ಇವನ ಕಾಲ ಬಳಿ ಬರುತ್ತದೆ. ಇವನು ಓಡಲೇ ಇಲ್ಲ. ನಿಂತಲ್ಲೇ ತಿರುಗಿ, ಎಡಗಾಲಿನಲ್ಲಿ ಒಂದು ಚೆಂಡನ್ನು ಅರ್ಧ ಮೈದಾನ ದಾಟಿಸಿ ವೇಣುಗೋಪಾಲನ ಕಾಲಿನ ಮುಂದೆ ಇಟ್ಟ. ನಮ್ಮ ಗೋದಾಮಿನ ಕಂಪ್ಯೂಟರ್ ನೋಡುವ ಬೆಂಗಳೂರಿನವನು ಅವನು, ತೂಕ ಇಳಿಸಲು ಬರುತ್ತಾನೆ. ಗೋಲು ತೆರೆದ ಬಾಗಿಲಿನ ಹಾಗಿತ್ತು. ಪುಣ್ಯಾತ್ಮ ಮೇಲೆ ಒದ್ದ! ಗೆರೆಯ ಮೇಲೆ ನಿಂತು ನಾನು ಬೈದ ಬೈಗಳು ಬಸ್ ಡಿಪೋದವರಿಗೂ ಅರ್ಥವಾಗಿರಬೇಕು. ಬೈಯುತ್ತ ಬೈಯುತ್ತ ಅತ್ತುಬಿಟ್ಟೆ ಅಕ್ಕಾ. ಇಷ್ಟು ಚಂದ ಆಡುವ ಹುಡುಗನನ್ನು ನಾನು ಎರಡು ವರ್ಷ ಬರೀ ಮೊಣಕಾಲು ಎಂದು ನೋಡಿದ್ದೆ.

ತಾನೇ ಕೈಯೆತ್ತಿ ಹೊರಗೆ ಬಂದ. ಕುಂಟಲಿಲ್ಲ. ‘ಎಷ್ಟ ಆತಪ್ಪಾ?’ ಎಂದ. ‘ಹನ್ನೊಂದು ನಿಮಿಷ’ ಎಂದೆ. ‘ಅತ್ತಿಗೆ ಸಾಕಾಗತೈತೇನು?’ ಎಂದ.

ಎದುರು ತಂಡ ಇತ್ತು. ಸೀಟಿ ಊದುವವನಿದ್ದ. ನೀನು ನಂಬುವವಳಲ್ಲ ಎಂದು ಅವನ ಕೈಯಿಂದಲೇ ಬರೆಸಿ ಸಹಿ ಹಾಕಿಸಿದ ಚೀಟಿ ಇದರ ಜೊತೆಗಿದೆ. ಇದನ್ನು ಯಾಕೆ ಬರೆಯಬೇಕೆಂದು ಮೂರು ಸಲ ಕೇಳಿದ. ತಾಳಿಕೋಟಿಯಲ್ಲಿ ಒಬ್ಬಳು ಟೀಚರು ಇದ್ದಾಳೆ, ಅವಳಿಗೆ ಬೇಕು ಎಂದೆ. ಬೇರೆ ಪಾರ್ಸೆಲ್ಲಿನಲ್ಲಿ ಐದನೆಯ ಅಳತೆಯ ಚಪ್ಪಲಿ ಕಳಿಸಿದ್ದೇನೆ. ಅಳತೆ ಸಂಗಮೇಶನಿಗೆ ನೆನಪಿತ್ತು.

ನಿನ್ನ ತಮ್ಮ,
ಮುರಿಗೆಪ್ಪ


ತಾಳಿಕೋಟಿ
12 ನವೆಂಬರ್ 1999

ಮುರಿಗೆಪ್ಪನಿಗೆ, ಸಂಗೂಗೆ, ಇಬ್ಬರಿಗೂ ಸೇರಿ,

ಚೀಟಿಯನ್ನು ಗುಡಿಗೆ ಒಯ್ದು ಬಸವಣ್ಣನ ಮುಂದೆ ಗಟ್ಟಿಯಾಗಿ ಓದಿದೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲೂ ಹೇಳಿದೆ. ಹನ್ನೊಂದು ನಿಮಿಷ ಸಾಕಂತೆ.

ನೀವು ಕಳಿಸಿದ ಚಪ್ಪಲಿಯಲ್ಲಿ ಕಾಲೇ ಹೋಗಲಿಲ್ಲ. ಹದಿನೈದು ತಿಂಗಳು ಬರಿಗಾಲಲ್ಲಿ ತಿರುಗಿ ಪಾದ ಅಗಲವಾಗಿದೆ. ಶರಣಪ್ಪನ ಅಂಗಡಿಗೆ ಹೋದೆ. ನಾನು ಒಳಗೆ ಬಂದದ್ದು ನೋಡಿ ಅವನು ಎದ್ದು ನಿಂತ. ಆರನೆಯ ಅಳತೆಯದು ಕೊಟ್ಟ, ಅದು ಸರಿಹೋಯಿತು.

ಸಂಗೂ, ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬೇಸಿಗೆಗೆ ಬಾ, ಎದುರಿಗೆ ಬೈಯಬೇಕು. ನಿಮ್ಮಪ್ಪನನ್ನೂ ಕರೆದುಕೊಂಡು ಬಾ. ಹರಕೆ ಯಾವುದೂ ಬಾಕಿ ಇಲ್ಲ, ಸುಮ್ಮನೆ ಬನ್ನಿ.

ಹೊಸ ಚಪ್ಪಲಿ ಗಟ್ಟಿ, ಹಿಮ್ಮಡಿಯ ಬಿರುಕಿಗೆ ಒತ್ತುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಆ ನೀಲಿ ಏರೋಗ್ರಾಮ್ ತೆಗೆದು, ನಾಲ್ಕು ಮಡಿಕೆ ಮಾಡಿ ಹಿಮ್ಮಡಿಯ ಕೆಳಗೆ ಇಟ್ಟುಕೊಂಡಿದ್ದೇನೆ. ಕಾಗದ ತುಳಿಯಬಾರದು, ಸರಸ್ವತಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಇದೊಂದು ಕಾಗದಕ್ಕೆ ಅವಳು ಬೇಸರ ಮಾಡಿಕೊಳ್ಳಲಾರಳು. ಈಗ ಒತ್ತುವುದಿಲ್ಲ.

ಪಾರ್ವತೆವ್ವ